ಕೂಡ್ರಿ ಎನ್ನುತ್ತಿದ್ದ ಅಂಕಲ್

ನಾವಿರುವ ಅಲೆನ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಅಂಕಲ್‌ಗೆ ಯಾವುದಕ್ಕೂ ಅವಸರವಿರಲಿಲ್ಲ. “ಕೂಡ್ರಿ, ಅಂಥಾ ಗಡಿಬಿಡಿ ಏನದ?” ಎನ್ನುತ್ತ, ಅಂಗೈಯಿಂದ ಗಾಳಿಯನ್ನೇ ಮೆಲ್ಲಗೆ ಒತ್ತಿ ನಮ್ಮನ್ನು ಕೂರಿಸುತ್ತಿದ್ದರು.

ಆ ಮಾರ್ಚ್ ರಜೆಯಲ್ಲಿ ಎರಡೂ ಮನೆಯವರು ಸ್ಕೀಯಿಂಗ್‌ಗೆಂದು ಕೊಲೊರಾಡೊಗೆ ಹೋದೆವು. ಅಲ್ಲಿ ಅಕಾಲದ ಸೆಕೆ. ಬೆಳಿಗ್ಗೆ ಗಾಜಿನಂತಿದ್ದ ಹಿಮ ಮಧ್ಯಾಹ್ನಕ್ಕೆ ನೆನೆದ ಅವಲಕ್ಕಿಯಂತಾಗಿ, ಸ್ಕೀಗಳು ಜಾರುವ ಬದಲು ಹೂತುಕೊಂಡವು. ಅವನ್ನು ಕಳಚಿಟ್ಟು, ನಮ್ಮೂರ ಹತ್ತಿರದ ಲೂಯಿಸ್‌ವಿಲ್ ಕೆರೆಯ ದಂಡೆಯಲ್ಲಿ ಪಿಕ್‌ನಿಕ್‌ಗೆ ಹಾಸುವಂತೆಯೇ ಗುಡ್ಡದ ಬುಡದ ಬಿಸಿಲಿನಲ್ಲಿ ಚಾದರ ಹಾಸಿ ಕೂತೆವು. ಅಂಕಲ್ ಚಪಾತಿಗೆ ಶೇಂಗಾ ಚಟ್ನಿ ಹಾಕಿ ಹಂಚುತ್ತಿದ್ದರು.

ನಿಂಬೆಹಣ್ಣಿನಷ್ಟು ಪುಟ್ಟ ಹಿಮದ ಉಂಡೆಯೊಂದು ಮೇಲಿನಿಂದ ಉರುಳಿ ಬಂತು. “ಸೋ ಕ್ಯೂಟ್!” ಎಂದಳು ನನ್ನ ಮಗಳು. ಹಿಂದೆಯೇ ಇನ್ನೊಂದು, ತೆಂಗಿನಕಾಯಿಯಷ್ಟು. ಅಂಕಲ್ ತಲೆಯೆತ್ತಿ ನೋಡಿದರು.

“ಏಳ್ರಿ! ಡಬ್ಬಿ ಬಿಡ್ರಿ, ಓಡ್ರಿ!”

ಮಗಳನ್ನು ಎತ್ತಿಕೊಂಡು ಓಡಿದೆ. ಎಲ್ಲರೂ ಓಡಿದರು. ಬೆನ್ನ ಹಿಂದೆ ಏನೋ ಕುಸಿದ ಭಾರಿ ಸದ್ದು. ತಿರುಗಿದಾಗ ಚಾದರವಿದ್ದಲ್ಲಿ ಆಳೆತ್ತರಕ್ಕೆ ಒದ್ದೆ ಹಿಮ ಬಿದ್ದಿತ್ತು.

ಅಲೆನ್‌ಗೆ ಮರಳಿದ ಮೇಲೆ ಒಂದು ಸಂಜೆ ಅವರ ಮನೆಗೆ ಹೋದೆವು. “ಕೂಡ್ರಿ,” ಎಂದರು. ಕೂತೆವು. ಅಡುಗೆಮನೆಯಲ್ಲಿ, ತಾನೇ ಐಸ್ ಮಾಡುವ ಫ್ರಿಜ್ಜಿನೊಳಗೆ ಐಸ್ ಗಡ್ಡೆಗಳು ದಡದಡ ಉದುರಿದವು. ಅಂಕಲ್ ತಟ್ಟನೆ ಎದ್ದರು. ನೋಡಿದರೆ, ನಾವೆಲ್ಲರೂ ಎದ್ದು ನಿಂತಿದ್ದೆವು.