ಅಬ್ಬಾನ ಹೆಸರಿನ ಇಂಗ್ಲಿಷ್ ಅರ್ಥ

ದಿಲ್ಲಿಗೆ ಬಂದು ತಿಂಗಳೂ ತುಂಬಿರಲಿಲ್ಲ, ನಮ್ಮ ಅಬ್ಬಾನ ಹೆಸರು ತಪ್ಪು ಉತ್ತರವಾಯಿತು.

ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರಿ ಮಾಡಿಸುವ ಕ್ಲಾಸಿನಲ್ಲಿ ಇಂಗ್ಲಿಷ್ ಪದಗಳ ಟೆಸ್ಟು. ಪರದೆಯ ಮೇಲೆ ಒಂದು ಪದ ಬಂತು. ‘ನಾದಿರ್’ ಅಂತ ಓದಿಕೊಂಡೆ. ಹೋದ ಜೀವ ಬಂದಂತಾಯಿತು. ಗಜೇಂದ್ರಗಡದಲ್ಲಿ ಮಗ್ಗ ನೇಯುವ ನಾದಿರ್‌ಸಾಬರ ಮಗ ನಾನು. ನಮ್ಮ ಮನೆಯ ಉರ್ದುವಿನಲ್ಲಿ ನಾದಿರ್ ಅಂದರೆ ಅಪರೂಪದ್ದು. ಕೊಟ್ಟ ಉತ್ತರಗಳಲ್ಲಿ ಅದನ್ನೇ ಒತ್ತಿದೆ. ಕೆಂಪು ಗುರುತು ಬಿತ್ತು. ಇಂಗ್ಲಿಷಿನಲ್ಲಿ ಅದು ‘ನೇಡಿಯರ್’ ಅಂತೆ. ಪಾತಾಳ, ಅದಕ್ಕಿಂತ ಕೆಳಗೆ ಏನೂ ಇಲ್ಲ ಅಂತ ಅರ್ಥವಂತೆ.

ನಾನಿರುವುದು ಬರಸಾತಿಯಲ್ಲಿ. ಮಾಳಿಗೆ ಮೇಲಿನ ಒಂಟಿ ಖೋಲಿಗೆ ಇಲ್ಲಿಯವರು ಮಳೆಯ ಹೆಸರಿಟ್ಟಿದ್ದಾರೆ, ಒಳಗಿರುವುದು ಬರೇ ಬಿಸಿಲು. ಊರಲ್ಲಿ ಎರಡು ಜೋಳದ ರೊಟ್ಟಿ ತಿಂದರೆ ಸಂಜೆತನಕ ಚಿಂತೆಯಿಲ್ಲ. ಇಲ್ಲಿಯ ಫುಲ್ಕಾ ಉಬ್ಬಿದ ಗಾಳಿ. ನನ್ನ ಉರ್ದು ಊರಲ್ಲಿ ಉರ್ದು, ಇಲ್ಲಿ ಕಾಮಿಡಿ. ಬ್ಯಾಡ ಅನ್ನಲು ‘ನಕ್ಕೋ’ ಅಂದರೆ, ಕನ್ನಡ ಬಂದವರ ಹಾಗೆ ನಗುತ್ತಾರೆ.

ಊರಲ್ಲಿ ಬಸ್‌ಸ್ಟ್ಯಾಂಡಿನ ಕಂಡಕ್ಟರಿಂದ ಹಿಡಿದು ಹೆಡ್‌ಮಾಸ್ತರ ತನಕ ಎಲ್ಲರ ದನಿ ಅಣಕಿಸಿ ನಗಿಸಿದವ ನಾನು. ಇಲ್ಲೂ ಸರ್ ಹೇಳಿದ ಪದವನ್ನು ಅವರ ದನಿಯಲ್ಲೇ ಹೇಳುತ್ತೇನೆ. ಜೊತೆಗಿರುವ ಬಿಹಾರದ ಪಂಕಜ ಹೊಟ್ಟೆ ಹಿಡಿದುಕೊಳ್ಳುತ್ತಾನೆ. ಅರ್ಥ ಕೇಳಿದರೆ ಮಾತ್ರ ನನ್ನ ದನಿ ಸತ್ತಿರುತ್ತದೆ. ಗಿಳಿಗಳಿಗೆ ಸೀಟು ಕೊಡುವ ಕಾಲೇಜಿದ್ದರೆ ನಾನೇ ಫಸ್ಟು.

ಬಸ್ ಹತ್ತಿಸುವಾಗ ಅಬ್ಬಾ ಅಂದಿದ್ದರು, “ಒಂದ ಸಲ ನೋಡ, ಬೇಟಾ. ಆಗ್ಲಿಲ್ಲಂದ್ರ ಮಗ್ಗ ಎಲ್ಲಿಗೂ ಓಡಿಹೋಗಂಗಿಲ್ಲ.” ಅವರು ಹೇಳಿದ್ದು ಧೈರ್ಯ, ನನಗೆ ಕೇಳಿಸಿದ್ದು ಶಿಕ್ಷೆ. ಪರೀಕ್ಷೆ ಈ ವಾರವೇ. ನಿನ್ನೆ ಕಲಿತ ಪದ ಇವತ್ತು ನನ್ನ ಗುರುತು ಹಿಡಿಯುವುದಿಲ್ಲ. ಪಂಕಜನಿಗೆ ಕೇಳಿಸದಂತೆ ನಳ ಬಿಟ್ಟು ಅಳುವುದನ್ನು ಕಲಿತಿದ್ದೇನೆ, ಅದೊಂದು ಚಲೋ ಬಂದಿದೆ.

ಮೊನ್ನೆ ಸಂಜೆ ಫೋನಿನಲ್ಲಿ ಅಬ್ಬಾ ಕೇಳಿದರು, “ಇವತ್ತೇನ ಕಲ್ತಿ?”

ಏನೂ ಇಲ್ಲ ಅನ್ನಲು ನಾಚಿಕೆ. ನಾಲಿಗೆ ಚೇಷ್ಟೆಗೆ ಇಳಿಯಿತು. “ನಿಮ್ಮ ಹೆಸರು ಇಂಗ್ಲಿಷ್‌ನ್ಯಾಗೂ ಐತ್ರಿ, ಅಬ್ಬಾ.”

ಆ ಕಡೆ ಲಾಳಿಯ ಸದ್ದು ನಿಂತಿತು. “ಖರೇನ? ಏನ ಅರ್ಥ ಅದಕ್ಕ?”

ಊರನ್ನೆಲ್ಲ ಆಡಿಕೊಂಡ ಬಾಯಿಗೆ ಪಾತಾಳ ಅನ್ನಲು ಆಗಲಿಲ್ಲ. “ಅದ... ಅಪರೂಪದ್ದು ಅಂತ.”

“ಕೇಳ್ರಿಲ್ಲೆ!” ಅಬ್ಬಾ ಪಕ್ಕದ ಮಗ್ಗದವರಿಗೆ ಕೂಗಿದರು. “ಇಂಗ್ಲಿಷ್‌ನವ್ರೂ ನನ್ನ ಅಪರೂಪದಾಂವ ಅಂತಾರಂತ!”

“ಮನ್ಯಾಗ ಹೆಂಡ್ತಿ ಒಪ್ತಾಳೇನ, ಸಾಬ? ಮೊದ್ಲ ಅದನ್ನ ಕೇಳ!” ಯಾರೋ ಅಂದರು. ಮಗ್ಗದ ಮನೆಯೆಲ್ಲ ನಕ್ಕಿತು. ಅಬ್ಬಾನ ನಗೆ ಎಲ್ಲರಿಗಿಂತ ದೊಡ್ಡದು.

ಇಷ್ಟು ದಿನ ಬಾಯಿಪಾಠ ಮಾಡಿದ್ದರಲ್ಲಿ ಮರೆಯದೆ ಉಳಿದ ಪದ ಇದೊಂದೇ. ಪರೀಕ್ಷೆಯಲ್ಲಿ ಬಂದರೆ ಪಾತಾಳ ಅಂತ ಒತ್ತಿದರಾಯಿತು, ಮಾರ್ಕು ಗ್ಯಾರಂಟಿ, ಮತ್ತು ನನಗೆ ಒಂದೊಂದು ಮಾರ್ಕೂ ಬೇಕು. ಆದರೂ ಐದು ಹೊತ್ತೂ ಕೈಯೆತ್ತಿ ದುವಾ ಕೇಳುತ್ತಿದ್ದೇನೆ: ಆ ಪದ ಬರದಿರಲಿ.