ಕೋಟೆ ಹತ್ತಲು ಕೊಂಡ ಶೂ

ಮೊನ್ನೆ ಮಗಳ ಹೊಸ ಸ್ಕೂಲ್ ಶೂ ಮೊದಲ ದಿನವೇ ಅವಳ ಹಿಮ್ಮಡಿ ಕಚ್ಚಿತು. ಸಂಜೆ ಸಿಡ್ನಿಯ ಟೂಂಗಾಬಿಯ ನಮ್ಮ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು, ಶೂವಿನ ಒಳಗಿನ ಗಡಸು ಅಂಚಿಗೆ ಬೆರಳಿನಿಂದ ತೆಂಗಿನೆಣ್ಣೆ ಉಜ್ಜತೊಡಗಿದೆ. ಹೊಸ ಚರ್ಮದ ಮೇಲೆ ತೆಂಗಿನೆಣ್ಣೆ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಬಿಟ್ಟಿತು. ಈ ಉಪಾಯವನ್ನು ನನಗೆ ಕಲಿಸಿದವರು ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯ ಆಂಟಿ.

ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದವು. ನಾನು ದಾವಣಗೆರೆಯಿಂದ ಮೆಲ್ಬರ್ನ್‌ಗೆ ಓದಲು ಬಂದಿದ್ದೆ. ಬಸ್ಸಿನಲ್ಲಿ ಕ್ಲೇಟನ್‌ಗೆ ಹೋಗಿ ಕ್ಲಾಸು ಮುಗಿಸಿ, ಆಂಟಿಯ ಮನೆಯ ಹಿಂದಿನ ಬಾಡಿಗೆ ರೂಮಿಗೆ ಮರಳುತ್ತಿದ್ದೆ. ಗಂಡ ಹೆಂಡತಿ ಇಬ್ಬರೂ ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಮಕ್ಕಳಿರಲಿಲ್ಲ. ತಮ್ಮತಮ್ಮಲ್ಲಿ ಕೊಂಕಣಿ, ನಾನಿದ್ದರೆ ಮರ್ಯಾದೆಗೆ ಕನ್ನಡ. ಬೈಯುವಾಗ ಮಾತ್ರ ಅಂಕಲ್ ಕೊಂಕಣಿ ಬಿಟ್ಟು ಕದಲುತ್ತಿರಲಿಲ್ಲ. ಸ್ವರದಲ್ಲೇ ಎಲ್ಲ ಅರ್ಥವಾಗುತ್ತಿತ್ತು.

ಆ ವರ್ಷ ಅವರ ಮನೆಯಲ್ಲಿ ಫ್ರಾನ್ಸ್‌ನದೇ ಮಾತು. ಮೊದಲ ಫ್ರಾನ್ಸ್ ಪ್ರವಾಸ, ಸಿಡ್ನಿಯಿಂದ ಅಂಕಲ್‌ನ ಅಕ್ಕ ಮತ್ತು ಭಾವನೂ ಜೊತೆಗೆ. ಟಿಕೆಟ್ ಬುಕ್ ಮಾಡುವುದು ಅಂಕಲ್ ಕೆಲಸ, ಎಲ್ಲಿ ಯಾವಾಗ ಏನು ನೋಡುವುದೆಂಬುದು ಆಂಟಿಯ ಕೆಲಸ. ಶನಿವಾರ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಊಟದ ಮೇಜಿನ ಮೇಲೆ ಮ್ಯಾಪು ಹರಡುತ್ತಿದ್ದರು. ಮೂಲೆ ಮಡಚಿಕೊಳ್ಳದಂತೆ ಒಂದು ಕಡೆ ಉಪ್ಪಿನಕಾಯಿ ಬಾಟಲಿ, ಇನ್ನೊಂದು ಕಡೆ ಲೈಬ್ರರಿಯಿಂದ ಮತ್ತೆ ಮತ್ತೆ ರಿನ್ಯೂ ಮಾಡಿಸಿ ತರುತ್ತಿದ್ದ ಗೈಡ್ ಪುಸ್ತಕ. ಪ್ಯಾರಿಸ್ಸಿನ ದೊಡ್ಡ ಮ್ಯೂಸಿಯಂಗೆ ಮಂಗಳವಾರ ರಜೆ, ಆದ್ದರಿಂದ ಆ ದಿನ ರೈಲು ಹತ್ತುವುದು. ತೂರ್ ಎಂಬ ಊರಿನಲ್ಲಿ ತಂಗಿ, ಅಲ್ಲಿಂದ ದಿನಕ್ಕೊಂದು ಕೋಟೆ.

"ದಿನಕ್ಕೆ ಎರಡು ನೋಡಬಹುದಲ್ಲ ಆಂಟಿ?" ಎಂದು ಒಮ್ಮೆ ಕೇಳಿದ್ದೆ.

"ಬೇಡ ಮಾರಾಯ್ತಿ. ಒಂದೇ ದಿನ ಎರಡು ಮದುವೆಗೆ ಹೋದ ಹಾಗೆ ಆಗ್ತದೆ. ಯಾವುದರ ಊಟವೂ ನೆನಪಿರುದಿಲ್ಲ."

ಅವರ ಜೀವವೆಲ್ಲ ಇದ್ದದ್ದು ಮಾತ್ರ ಒಂದೇ ಅರಮನೆಯ ಮೇಲೆ. ನದಿಗೆ ಅಡ್ಡಲಾಗಿ, ಕಮಾನುಗಳ ಮೇಲೆ ಕಟ್ಟಿದ ಶೆನೊನ್ಸೊ. ಚಿಕ್ಕಂದಿನಲ್ಲಿ ಕಾನ್ವೆಂಟಿನ ಒಬ್ಬ ಸಿಸ್ಟರ್ ಅದರ ಚಿತ್ರ ತೋರಿಸಿ, ಅಲ್ಲಿಯ ಉದ್ದನೆಯ ಹಜಾರದ ಕಿಟಕಿಯಲ್ಲಿ ನಿಂತರೆ ಕಾಲ ಕೆಳಗೆ ಹೊಳೆ ಹರಿಯುವ ಸದ್ದು ಕೇಳುತ್ತದೆ ಎಂದಿದ್ದರಂತೆ. "ಅದೊಂದು ಕೇಳಿದ್ರೆ ಸಾಕು ನಂಗೆ. ಉಳಿದ ಕೋಟೆ ಎಲ್ಲ ಅವರಿಗೆ ಬಿಟ್ಟೆ," ಎನ್ನುತ್ತಿದ್ದರು.

ಕೋಟೆಯ ಮೆಟ್ಟಿಲಿಗೆಂದೇ ಕಂದು ಬಣ್ಣದ ಚರ್ಮದ ಶೂ ಕೊಂಡರು. ಜೀವಮಾನವಿಡೀ ಚಪ್ಪಲಿಯಲ್ಲಿ ಬದುಕಿದ ಕಾಲು ಅದಕ್ಕೆ ಒಗ್ಗಬೇಡವೇ? ಹಿಮ್ಮಡಿಗೆ ತೆಂಗಿನೆಣ್ಣೆ ಉಜ್ಜಿ, ಸೀರೆಯ ಕೆಳಗೆ ಅದೇ ಶೂ ಹಾಕಿಕೊಂಡು ದಿನಾ ರೈಲ್ವೆ ಸ್ಟೇಷನ್ನಿನವರೆಗೆ ಹೋಗಿ ಬರುತ್ತಿದ್ದರು. ಅಂಕಲ್ ಸೋಫಾದಲ್ಲಿ ಕುಳಿತು ನಗುತ್ತಿದ್ದರು, "ಪೊಲೀಸ್ ಬಂತು ನೋಡು!"

ಅಂಕಲ್‌ಗೆ ಸಿಟ್ಟಿದ್ದದ್ದು ಇನ್ನೊಂದು ವಿಷಯಕ್ಕೆ. ಅವರೂ ಅಕ್ಕಭಾವನೂ ಎಂದೋ ಆಸ್ಟ್ರೇಲಿಯಾದ ಪೌರರಾಗಿದ್ದರು. ಆಂಟಿ ಮಾತ್ರ ಪಿಆರ್‌ನಲ್ಲೇ, ಅಂದರೆ ಕಾಯಂ ವಾಸದ ಪರವಾನಗಿಯಲ್ಲೇ ಉಳಿದು ಭಾರತದ ಪಾಸ್‌ಪೋರ್ಟನ್ನು ಬಿಟ್ಟಿರಲಿಲ್ಲ. ಮಂಗಳೂರಿನಲ್ಲಿ ಅವರ ತಾಯಿ ಹಾಸಿಗೆ ಹಿಡಿದಿದ್ದರು. ಪೌರತ್ವ ತೆಗೆದುಕೊಂಡರೆ ಹುಟ್ಟಿದೂರಿಗೆ ಹೋಗಲೂ ವೀಸಾ ಕೇಳಬೇಕು. ರಾತ್ರಿ ಫೋನ್ ಬಂದರೆ ಬೆಳಿಗ್ಗೆ ವಿಮಾನ ಹತ್ತಬೇಕಲ್ಲ? "ಅಮ್ಮ ಇರುವವರೆಗೆ ಇದನ್ನು ಬಿಡುದಿಲ್ಲ," ಎಂದಿದ್ದರು. ಗಂಡನ ಎದುರು ಅವರು ಹಿಡಿದ ಹಟ ನನಗೆ ತಿಳಿದಂತೆ ಅದೊಂದೇ.

ಹೊರಡುವ ದಿನ ಅವರ ಕಾರನ್ನು ವಾಪಸ್ ತರಲೆಂದು ನಾನೂ ಏರ್‌ಪೋರ್ಟಿಗೆ ಹೋಗಿದ್ದೆ. ಕೌಂಟರಿನ ಹುಡುಗಿ ಮೂರು ಪಾಸ್‌ಪೋರ್ಟ್ ನೋಡಿ ನಕ್ಕಳು. ನಾಲ್ಕನೆಯದರ ಹಾಳೆಗಳನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಮಗುಚಿ, ಫ್ರಾನ್ಸ್ ವೀಸಾ ಎಲ್ಲಿ ಎಂದು ಕೇಳಿದಳು. ಆಸ್ಟ್ರೇಲಿಯಾದವರಿಗೆ ವೀಸಾ ಬೇಡ, ಭಾರತದ ಪಾಸ್‌ಪೋರ್ಟಿಗೆ ಬೇಕು. ಆಂಟಿ ಗಂಡನ ಮುಖ ನೋಡಿದರು. ಟಿಕೆಟ್ ಬುಕ್ ಮಾಡಿದ ದಿನ "ನಮಗೆ ವೀಸಾಗೀಸಾ ಎಂತದೂ ಬೇಡ" ಎಂದು ಹೇಳಿದ್ದವರು ಅವರೇ.

ಅಂಕಲ್ ಕೂಗಾಡಲಿಲ್ಲ. ನಾವೆಲ್ಲ ನಿಲ್ಲೋಣ ಎಂದೂ ಹೇಳಲಿಲ್ಲ. "ಈಗ ಗೊತ್ತಾಯ್ತಾ ಆ ಪಾಸ್‌ಪೋರ್ಟಿನ ಬೆಲೆ?" ಎಂದು ಬ್ಯಾಗ್ ಎತ್ತಿಕೊಂಡರು.

ಅಂಕಲ್‌ನ ಅಕ್ಕ ಎತ್ತರದ ಹೀಲ್ಸ್‌ನಲ್ಲಿ ನಿಂತಿದ್ದವರು ಆಂಟಿಯ ಕಾಲು ನೋಡಿದರು. "ನೀನು ಹೇಗೂ ಮನೆಗೆ ಹೋಗುದಲ್ವಾ? ಆ ಶೂ ಕೊಡು. ನಂದೂ ಅದೇ ಸೈಜ್."

ಆಂಟಿ ಅಲ್ಲೇ ಬಗ್ಗಿ ಲೇಸು ಬಿಚ್ಚಿದರು. ಜನ ಟ್ರಾಲಿ ತಳ್ಳಿಕೊಂಡು ಅಕ್ಕಪಕ್ಕ ಹಾದುಹೋಗುತ್ತಿದ್ದರು. ಮ್ಯಾಪು, ರೈಲಿನ ಸಮಯ ಎಲ್ಲ ಇದ್ದ ಚೀಲವನ್ನೂ ಕೈಗಿತ್ತು, "ಮಂಗಳವಾರ ಮ್ಯೂಸಿಯಂಗೆ ಹೋಗ್ಬೇಡಿ, ಬಂದ್ ಉಂಟು," ಎಂದರು. ಆ ಹೀಲ್ಸ್ ಹಾಕಿಕೊಂಡು ಕಾರಿನವರೆಗೆ ಅವರು ನಡೆದ ರೀತಿ... ನನ್ನ ತೋಳು ಹಿಡಿದಿದ್ದರು, ನೋವಾಗುವಷ್ಟು ಬಿಗಿಯಾಗಿ. ಮನೆ ತಲುಪುವವರೆಗೂ ಅಳಲಿಲ್ಲ. ತಲುಪಿದ ಮೇಲೆ ಹಾಲು ತರಿಸಿರಲಿಲ್ಲವೆಂದು ಅತ್ತರು.

ಅವರು ಮರಳಿ ಬಂದ ವಾರ ಕ್ಯಾಮೆರಾವನ್ನು ಟಿವಿಗೆ ಸಿಕ್ಕಿಸಿ ಫೋಟೋ ತೋರಿಸುವ ಕಾರ್ಯಕ್ರಮ ನಡೆಯಿತು. ಆಂಟಿಯೇ ‘ಸಣ್ಣ’ ಎನ್ನುವ ತಮ್ಮ ಕಡೆಯ ಇಡ್ಲಿ ಬೇಯಿಸಿ, ಮೀನಿನ ಸಾರು ಮಾಡಿ ಬಡಿಸಿದರು. ಪರದೆಯ ಮೇಲೆ ಕೋಟೆಗಳ ಮುಂದೆಲ್ಲ ಅಂಕಲ್‌ನ ಅಕ್ಕ, ಕಾಲಲ್ಲಿ ಕಂದು ಶೂ. ನದಿಯ ಮೇಲಿನ ಅರಮನೆ ಬಂದಾಗ ಆಂಟಿ ಸೌಟು ಹಿಡಿದು ನಿಂತೇಬಿಟ್ಟರು.

"ನೀರಿನ ಸದ್ದು ಕೇಳ್ತದಾ ಒಳಗೆ?"

"ಯಾವ ನೀರು? ಒಳಗೆ ಯಾರು ಹೋದದ್ದು! ಇಷ್ಟುದ್ದ ಕ್ಯೂ. ಹೊರಗೆ ಕೂತು ಐಸ್‌ಕ್ರೀಂ ತಿಂದು ಬಂದೆವು," ಎಂದ ಆ ಹೆಂಗಸು ನಗುತ್ತಲೇ ಮುಂದುವರಿಸಿದರು: "ನೀನು ಸಿಟಿಜನ್‌ಶಿಪ್ ತಗೊಂಡಿದ್ರೆ ನೀನೇ ಹೋಗ್ಬಹುದಿತ್ತು. ತಮ್ಮನಿಗೆ ಏಜೆಂಟ್ ಮೊದಲೇ ಫೋನ್ ಮಾಡಿ ಹೇಳಿದ್ದ, ವೀಸಾ ಬೇಕು ಅಂತ. ಟಿಕೆಟ್ ದಂಡ ಆದ್ರೂ ಸರಿ, ಅವಳಿಗೆ ಬುದ್ಧಿ ಬರ್ಲಿ ಅಂತ ಇವ ಸುಮ್ಮನಿದ್ದ."

ಅಂಕಲ್ ಅಲ್ಲವೆನ್ನಲಿಲ್ಲ. ಸಾರು ಹಾಕು ಎಂದು ತಟ್ಟೆ ಮುಂದೆ ಮಾಡಿದರು. ಆಂಟಿ ಹಾಕಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎಂಬ ಮಾತನ್ನು ನಾನು ಅಲ್ಲಿಯವರೆಗೆ ತಮಾಷೆಗೆ ಬಳಸುತ್ತಿದ್ದೆ. ಪೂಜಾರಿ ಮೀನು ತಿನ್ನುತ್ತ ಎದುರಿಗೇ ಕೂತಿದ್ದನ್ನು ಕಂಡದ್ದು ಅಂದು. ಇವತ್ತಿಗೂ ಆ ಮನುಷ್ಯನ ಮೇಲೆ ನನ್ನ ಸಿಟ್ಟು ಆರಿಲ್ಲ. ಆರುವುದೂ ಬೇಡ.

ಆಮೇಲೆ ಅಡುಗೆಮನೆಯಲ್ಲಿ ಆಂಟಿ, ವಾಪಸ್ ಬಂದ ಶೂವಿನ ಅಡಿಗೆ ಸಿಕ್ಕಿಕೊಂಡಿದ್ದ ಬಿಳಿ ಜಲ್ಲಿಕಲ್ಲುಗಳನ್ನು ಸೇಫ್ಟಿ ಪಿನ್ನಿನಿಂದ ಕೀಳುತ್ತಿದ್ದರು. "ಮೊದಲೇ ಹೇಳಿದ್ರೆ ನಾನೇ ಬರುದಿಲ್ಲ ಅಂತಿದ್ದೆ," ಎಂದರು ಮೆಲ್ಲಗೆ. "ಈ ಶೂ ಹಾಕಿ ದಿನಾ ನಡಿಲಿಕ್ಕೆ ಯಾಕೆ ಬಿಟ್ರು?"

ಮರುವರ್ಷ ಮಂಗಳೂರಿನಿಂದ ಫೋನ್ ಬಂತು. ಅದೇ ಪಾಸ್‌ಪೋರ್ಟ್ ಹಿಡಿದು ಸಿಕ್ಕ ವಿಮಾನ ಹತ್ತಿದರು. ಕೊನೆಯ ಉಸಿರಿನ ಹೊತ್ತಿಗೆ ತಾಯಿಯ ಬಾಯಿಗೆ ಅವರ ಕೈಯಿಂದಲೇ ನೀರು ಹೋಯಿತು. ಮರಳಿದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಿದರು, ಹೊಸ ಪಾಸ್‌ಪೋರ್ಟೂ ಬಂತು. ಮತ್ತೆ ಮ್ಯಾಪು ಹರಡುವ ಮೊದಲೇ ಕಾಯಿಲೆ ಕಾಣಿಸಿಕೊಂಡು, ಕ್ಲೇಟನ್‌ನ ಆಸ್ಪತ್ರೆಗೆ ಅಲೆದಾಟ ಶುರುವಾಯಿತು. ನಾನು ಕೆಲಸ ಸಿಕ್ಕಿ ಸಿಡ್ನಿಗೆ ಬಂದಿದ್ದೆ. ಆಂಟಿಯ ಅಂತ್ಯಕ್ರಿಯೆಗೆ ಮೆಲ್ಬರ್ನ್‌ಗೆ ಹೋದೆ.

ಚರ್ಚಿನಲ್ಲಿ ಪೆಟ್ಟಿಗೆಯ ಮುಚ್ಚಳ ಪೂರ್ತಿ ತೆಗೆದಿತ್ತು. ಅವರಲ್ಲಿ ಸತ್ತವರಿಗೆ ಒಳ್ಳೆಯ ಬಟ್ಟೆ ಉಡಿಸಿ, ಕಾಲಿಗೆ ಶೂ ಹಾಕುತ್ತಾರೆ. ಆಂಟಿಗೆ ಕ್ರೀಮ್ ಬಣ್ಣದ ರೇಷ್ಮೆ ಸೀರೆ. ಕಾಲಿನಲ್ಲಿ ಅದೇ ಕಂದು ಶೂ, ಪಾಲಿಶ್ ಮಾಡಿ ಹೊಳೆಯಿಸಿದ್ದು. ಬಂದವರಿಗೆಲ್ಲ ಅಂಕಲ್ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದರು, "ಅವಳಿಗೆ ಫ್ರಾನ್ಸ್ ಅಂದ್ರೆ ಜೀವ. ಅದಕ್ಕೇ ಫ್ರಾನ್ಸಿಗೆ ಹೋಗಿ ಬಂದ ಶೂ ಹಾಕಿಸಿದ್ದೇನೆ." ಕೇಳಿದವರು ಎಂಥ ಪ್ರೀತಿ ಎಂದು ತಲೆದೂಗಿದರು.

ಎಣ್ಣೆ ಉಜ್ಜಿದ ಮರುದಿನ ಬೆಳಿಗ್ಗೆ ಮಗಳ ಲೇಸು ಕಟ್ಟುತ್ತ, "ಇದು ನಿನ್ನ ಶೂ. ಯಾರು ಕೇಳಿದರೂ ಬಿಚ್ಚಿ ಕೊಡಬೇಡ," ಎಂದೆ.

"ಹೂ ವುಡ್ ಈವನ್ ಆಸ್ಕ್, ಅಮ್ಮಾ?" ಎಂದು ನಕ್ಕು ಓಡಿದಳು.

ಗೇಟಿನವರೆಗೂ ನೋಡಿದೆ. ಕುಂಟುತ್ತಿರಲಿಲ್ಲ. ಎಣ್ಣೆ ಕೆಲಸ ಮಾಡಿತು ಆಂಟಿ, ಎಂದು ಹೇಳಬೇಕೆನಿಸಿತು... ಹೇಳೋಣವೆಂದರೆ ಅವರಿಲ್ಲ.