ಎಡಸುತ್ತಿನ ಮಣೆ

ನಮ್ಮ ಕಡೆಯದು ಕಾಯುವ ಕಸುಬು. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಅದು ಒಳಗೊಳಗೇ ಒಣಗಿ ಕೊಬ್ಬರಿಯಾಗುವವರೆಗೆ ಹೆಚ್ಚುಕಮ್ಮಿ ಒಂದು ವರ್ಷ ಸುಮ್ಮನೆ ಕೂತಿರುತ್ತಾರೆ. ತಿಪಟೂರು ಸೀಮೆಯವರಿಗೆ ಈ ತಾಳ್ಮೆ ಹುಟ್ಟುತ್ತಲೇ ಬರುತ್ತದಂತೆ. ನನಗೆ ಬರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಅಂತಲೇ ಮನೆಯಲ್ಲಿ ನನ್ನ ಹೆಸರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಅಲ್ಲೂ ಕುರ್ಚಿಯ ಮೇಲೆ ಕೂತವಳಲ್ಲ. ಒಂದು ಲೆಕ್ಕ ಮುಗಿಯುವುದರೊಳಗೆ ತರಗತಿಯನ್ನು ನಾಲ್ಕು ಸಲ ಅಳೆದಿರುತ್ತೇನೆ. ಸಂಜೆ ಮನೆಗೆ ಬಂದರೆ ಕೈ ಸುಮ್ಮನಿರದು. ಕೈ ಸುಮ್ಮನಿದ್ದರೆ ತಲೆ ಸುಮ್ಮನಿರದು.

ಹಾಗಾಗಿ ಮರಗೆಲಸಕ್ಕೆ ಬಿದ್ದೆ. ಮೊದಲು ಉಳಿ, ಸುತ್ತಿಗೆ. ಒಮ್ಮೆ ಉಳಿ ಜಾರಿ ಎಡಗೈ ಹೆಬ್ಬೆರಳಿಗೆ ಹೊಲಿಗೆ ಬಿತ್ತು. ಆಮೇಲೂ ಬುದ್ಧಿ ಬರಲಿಲ್ಲ, ರೌಟರ್ ಮಿಶನ್ ತಂದೆ. ಎರಡು ಕೈಯಲ್ಲಿ ಹಿಡಿದು ಹಲಗೆಯ ಅಂಚಿನ ಮೇಲೆ ನಡೆಸಿದರೆ, ಕೆಳಗೆ ಗಿರಗಿರ ತಿರುಗುವ 'ಬಿಟ್ಟು' ಅನ್ನುವ ಅಲಗು ಅಂಚನ್ನು ಕೊರೆದು ದುಂಡಗೆ ಮಾಡುವ ಯಂತ್ರ ಅದು. ಒಂದೇ ಕಡೆ ನಿಂತರೆ ಮರ ಸುಟ್ಟು ಕಪ್ಪಾಗುತ್ತದೆ, ಓಡಿಸಿದರೆ ಕಿತ್ತುಬರುತ್ತದೆ. ಒಂದೇ ಹದದಲ್ಲಿ ಮುಂದೆ ಹೋಗುತ್ತಲೇ ಇರಬೇಕು. ಹುಟ್ಟಿದಾಗಿನಿಂದ ಎಲ್ಲರೂ ನನಗೆ "ಒಂದ್ಕಡೆ ಕೂತ್ಕೊಳ್ಳೇ" ಅಂದವರೇ. ನಿಲ್ಲಬೇಡ ಅಂದಿದ್ದು ಇದೊಂದೇ. ಆ ಸದ್ದಿನಲ್ಲಿದ್ದಾಗ ಮಾತ್ರ ನನ್ನ ತಲೆಯೊಳಗಿನ ಗಲಾಟೆ ನಿಲ್ಲುತ್ತಿತ್ತು. ಅದಕ್ಕೇ ಅದರ ಮೇಲೆ ನನಗೆ ಅಷ್ಟು ಪ್ರೀತಿ.

ಅವ್ವನಿಗೆ ಅದನ್ನು ಕಂಡರೆ ಆಗದು. ನಾನು ಕನ್ನಡಕ, ಮಾಸ್ಕು ಹಾಕಿಕೊಂಡು ನಿಂತರೆ "ವೆಲ್ಡಿಂಗ್ ಶಾಪ್‌ನೋನ್ ಥರ ಕಾಣ್ತೀಯ, ಥೂ" ಅನ್ನುತ್ತಿದ್ದಳು. ತಮಾಷೆಯ ಹಿಂದೆ ಇದ್ದದ್ದು ಹೆದರಿಕೆ. ಹೆಬ್ಬೆರಳಿನ ಹೊಲಿಗೆಯನ್ನು ಅವಳು ಮರೆತಿರಲಿಲ್ಲ. ದಿನಕ್ಕೊಮ್ಮೆಯಾದರೂ ಮಾರಿಬಿಡು ಅನ್ನುವವಳು, ದೇವರಮನೆಯ ಹಳೆಯ ಮಣೆಗೆ ಗೆದ್ದಲು ಹಿಡಿದಾಗ ಒಂದು ಕರಾರಿಗೆ ಬಂದಳು.

"ನೀನೇ ಒಂದು ಮಣೆ ಮಾಡ್ಕೊಡು. ನನ್ ಮನಸಿಗೆ ಬಂದ್ರೆ ಆ ಮಿಶನ್ ಮಡಿಕ್ಕೋ. ಇಲ್ಲಾಂದ್ರೆ ಮಾರ್ಬುಡು. ಆಮೇಲೆ ಆ ಸುದ್ದಿ ಎತ್ತಂಗಿಲ್ಲ."

ಒಪ್ಪಿದೆ. ತೋಟದಂಚಿನಲ್ಲಿ ಗಾಳಿಗೆ ಬಿದ್ದ ಹಲಸಿನ ಮರವನ್ನು ತುರುವೇಕೆರೆಯ ಸಾಮಿಲ್ಲಿನಲ್ಲಿ ಕೊಯ್ಸಿದಾಗ ಬಿರುಕಿಲ್ಲದ ಹಲಗೆ ಅಂತ ಸಿಕ್ಕಿದ್ದು ಒಂದೇ. ಅರಿಶಿನದ ಬಣ್ಣದ ಆ ಹಲಗೆಯನ್ನು ಭಾನುವಾರ ಬೆಳಿಗ್ಗೆ ಕಾಯಿ ಸುಲಿಯುವ ಶೆಡ್ಡಿಗೆ ಹೊತ್ತುಕೊಂಡು ಹೋದೆ. ಮೇಜಿಗೆ ಕ್ಲ್ಯಾಂಪಿನಿಂದ ಬಿಗಿದೆ. ಪ್ಲಗ್ ಕಿತ್ತಿಟ್ಟು ಬಿಟ್ಟು ಸಿಕ್ಕಿಸಿ, ಎರಡು ಸ್ಪ್ಯಾನರ್ ಹಾಕಿ ನಟ್ಟು ತಿರುಗಿಸಿ ಭದ್ರ ಮಾಡಿದೆ. ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟುಕೊಂಡೆ. ಅವ್ವ ಬಾಗಿಲಲ್ಲಿ ಸುಲಿದ ಕಾಯಿಮಟ್ಟೆ ರಾಶಿಯ ಪಕ್ಕ ಚಾಪೆ ಹಾಕಿಕೊಂಡು ಕೂತಳು, ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರಂತೆ.

ಮಿಶನ್ ಹಾಕುವ ಮುಂಚೆ, ಯಾವ ಕಡೆಯಿಂದ ಯಾವ ಕಡೆಗೆ ಹೋಗಬೇಕು ಅಂತ ಗಾಳಿಯಲ್ಲೇ ಕೈಯಾಡಿಸಿ ನೋಡಿಕೊಳ್ಳುವುದು ನನ್ನ ರೂಢಿ. ಹಲಗೆಯ ಹೊರ ಅಂಚಾದರೆ ಎಡದಿಂದ ಬಲಕ್ಕೆ. ಅಂದರೆ ಇಡೀ ಹಲಗೆಯನ್ನು ಸುತ್ತಿದರೆ ಎಡಸುತ್ತು, ಗಡಿಯಾರದ ಮುಳ್ಳಿಗೆ ಉಲ್ಟಾ. ನನ್ನ ಕೈ ಒಂದು ಸುತ್ತು ಬಂದದ್ದೇ ತಡ, ಅವ್ವ ಎದ್ದು ನಿಂತಳು.

"ಲೇ, ನಿಲ್ಸು. ದೇವ್ರ ಮಣೆಗೆ ಅಪ್ರದಕ್ಷಿಣೆ ಬರ್ತಾರೇನೇ? ಎಡಕ್ಕೆ ಸುತ್ತೋದು ಸಾವಿನ ಕೆಲಸ್ದಾಗೆ!"

"ಬಿಟ್ಟು ಬಲಕ್ಕೆ ತಿರುಗುತ್ತೆ ಕಣವ್ವ. ನಾನು ಅದಕ್ಕೆ ಎದುರಾಗೇ ಹೋಗ್ಬೇಕು. ಅದರ ಜೊತೆಗೇ ಹೋದ್ರೆ ಕೈ ಮೀರಿ ಓಡುತ್ತೆ."

"ನೋಡ್ದಾ? ಮಿಶನ್ನಿಗಿರೋ ಭಕ್ತಿ ನಿನಗಿಲ್ಲ."

ನನಗೆ ನಗು ಬಂತು, ಸಿಟ್ಟೂ ಬಂತು. ಎತ್ತು ಏರಿಗೆ, ಕೋಣ ನೀರಿಗೆ. ನಾನು ಹಾಳೆಯ ಮೇಲೆ ಬಾಣದ ಗುರುತು ಬರೆದು ವಿವರಿಸಿದೆ. ಅವಳು ಆ ಹಾಳೆಯನ್ನು ನೋಡಲೇ ಇಲ್ಲ. ಎಡಕ್ಕೆ ಸುತ್ತಿದ ಮಣೆಯ ಮೇಲೆ ದೇವರನ್ನು ಕೂರಿಸುವುದಿಲ್ಲ, ಅಷ್ಟೇ ಅವಳ ಮಾತು. ಕೂರಿಸದಿದ್ದರೆ ಮಿಶನ್ ಹೋಯಿತು. ಶೆಡ್ಡಿನಲ್ಲಿ ಆಚೆಯಿಂದ ಈಚೆಗೆ ಓಡಾಡಿದೆ. ಸ್ಪ್ಯಾನರನ್ನು ಎತ್ತಿಟ್ಟೆ, ಮತ್ತೆ ಕೈಗೆತ್ತಿಕೊಂಡೆ. ಬಿಟ್ಟನ್ನು ಉಗುರಿನ ದಪ್ಪದಷ್ಟೇ ಇಳಿಸಿ, ಗಟ್ಟಿಯಾಗಿ ಹಿಡಿದರೆ ಬಲಸುತ್ತನ್ನೂ ದಾಟಿಸಬಹುದು ಅನ್ನಿಸಿತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆ ಕಟ್ಟಿದವರು ನನ್ನನ್ನು ನೋಡಿಯೇ ಕಟ್ಟಿರಬೇಕು.

"ಆಯ್ತು, ನಿನ್ನಿಷ್ಟದಂಗೇ ಆಗ್ಲಿ" ಅಂದೆ.

ಸ್ವಿಚ್ ಒತ್ತಿದೆ. ಪೂರ್ತಿ ವೇಗ ಬರುವವರೆಗೆ ತಡೆದೆ. ಬಲಗಡೆಯ ಮೂಲೆಗೆ ಇಟ್ಟು ಎಡಕ್ಕೆ ಎಳೆಯಬೇಕು ಅಂದುಕೊಂಡೆ, ಎಳೆಯುವ ಪ್ರಮೇಯವೇ ಬರಲಿಲ್ಲ. ಬಿಟ್ಟು ಮರವನ್ನು ಕಚ್ಚಿಕೊಂಡು ತಾನೇ ಓಡಿತು. ನನ್ನ ಎರಡು ಕೈಯನ್ನೂ ಎಳೆದುಕೊಂಡು ಅಂಚಿನುದ್ದಕ್ಕೂ ದಡದಡ ಹಾರಿ, ಎಡಮೂಲೆಯಲ್ಲಿ ಒಂದು ಚೂರು ಮರವನ್ನು ಕಿತ್ತು ಗೋಡೆಗೆ ಎಸೆದು, ಹಲಗೆಯಿಂದಾಚೆ ಜಾರಿತು. ತಿರುಗುತ್ತಿದ್ದ ಬಿಟ್ಟು ನನ್ನ ಎಡಗೈ ಮಣಿಕಟ್ಟಿನ ಪಕ್ಕದಲ್ಲೇ ಹಾದುಹೋಯಿತು. ಹೇಗೆ ಆಫ್ ಮಾಡಿದೆನೋ ಗೊತ್ತಿಲ್ಲ. ಕುರ್ತಾದ ತೋಳು ಹರಿದಿತ್ತು, ಚರ್ಮಕ್ಕೆ ಏನೂ ಆಗಿರಲಿಲ್ಲ.

ಹೆದರಿಕೆಯಾದಾಗ ನನಗೆ ಅಳು ಬರುವುದಿಲ್ಲ, ಕೋಪ ಬರುತ್ತದೆ.

"ಸಮಾಧಾನ ಆಯ್ತಾ? ಭಕ್ತಿ ನೋಡಿದ್ಯಾ ಮಿಶನ್ದು?" ಅಂತ ಕೂಗಿದೆ.

ಅವ್ವ ಹತ್ತಿರ ಬಂದು ನನ್ನ ಎರಡು ಕೈಗಳನ್ನೂ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದಳು. ಹರಿದ ತೋಳಿನೊಳಗೆ ಕೈ ಹಾಕಿ ಸವರಿದಳು. ಮಾರ್ಬುಡು ಅನ್ನುತ್ತಾಳೆ, ಈಗ ಅನ್ನುತ್ತಾಳೆ ಅಂತ ನಾನು ಕಾಯುತ್ತಿದ್ದೆ. ನನಗೆ ಬಾರದ ಕೆಲಸ ಅದೊಂದೇ. ಅವಳು ಮಟ್ಟೆ ರಾಶಿಯ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹಲಗೆಯ ಕಡೆ ಗದ್ದ ತೋರಿಸಿದಳು.

"ಆ ಕಿತ್ತೋಗಿರೋದು ಸರಿ ಹೋಗುತ್ತಾ?"

"ಆ ಕಡೆ ಒಂದು ಬೆರಳಗಲ ಕೊಯ್ದು ಹಾಕಿದ್ರೆ ಹೋಗುತ್ತೆ. ಮಣೆ ಸ್ವಲ್ಪ ಚಿಕ್ಕದಾಗುತ್ತೆ."

"ಆಗ್ಲಿ ಬುಡು. ಎಡಕ್ಕೇ ಸುತ್ತು."

"ನಿನ್ನ ದೇವ್ರು?"

"ಅವನತ್ರ ನಾನ್ ಮಾತಾಡ್ಕೊತೀನಿ. ನಿನಗ್ಯಾಕೆ? ನಿನ್ನ ಕೆಲಸ ನೀನ್ ನೋಡು."

ಗರಗಸದಿಂದ ಆ ಅಂಚನ್ನು ಕೊಯ್ದು, ಹಲಗೆಯನ್ನು ಮತ್ತೆ ಬಿಗಿದೆ. ಮನಸ್ಸು ಹದಕ್ಕೆ ಬರುವವರೆಗೆ ಮಿಶನ್ ಮುಟ್ಟಬಾರದು ಅಂತ ಶೆಡ್ಡಿನ ಬಾಗಿಲಿಗೂ ಮೇಜಿಗೂ ತಿರುಗಾಡಿದೆ. ಆಮೇಲೆ ಅಡ್ಡ ಅಂಚಿನಿಂದ ಶುರು ಮಾಡಿದೆ, ಎಡದಿಂದ ಬಲಕ್ಕೆ. ಈಗ ಬಿಟ್ಟು ನನಗೆ ಎದುರಾಗಿ ಒತ್ತುತ್ತಿತ್ತು, ನಾನು ಒತ್ತಿದಷ್ಟೇ ಮುಂದೆ ಹೋಗುತ್ತಿತ್ತು. ಹೊಟ್ಟು ತೆಳ್ಳಗೆ ಹಳದಿಯಾಗಿ ಉದುರಿತು. ಒಮ್ಮೆಗೇ ಆಳಕ್ಕಿಳಿಸದೆ, ಪ್ರತಿ ಸುತ್ತಿಗೂ ಚೂರುಚೂರೇ ಇಳಿಸುತ್ತಾ ಹೋದೆ. ಒಂದು ಸುತ್ತು ಮುಗಿಸಿ ಮಿಶನ್ ಆರಿಸಿ ತಲೆ ಎತ್ತಿದರೆ ಮಟ್ಟೆ ರಾಶಿಯ ಮೇಲೆ ಅವ್ವ ಇರಲಿಲ್ಲ.

ಕಿಟಕಿಯಾಚೆ ಅವಳ ತಲೆ ಕಾಣಿಸಿತು. ಸ್ವಲ್ಪ ಹೊತ್ತಿಗೆ ಬಾಗಿಲ ಮುಂದೆ ಹಾದುಹೋದಳು, ಮತ್ತೆ ಕಿಟಕಿಗೆ ಬಂದಳು. ಕೈ ಮುಗಿದುಕೊಂಡು ಶೆಡ್ಡನ್ನೇ ಸುತ್ತುತ್ತಿದ್ದಳು, ಬಲಕ್ಕೆ. ಮಂಡಿ ನೋವು ಅಂತ ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯುವವಳು, ತೆಂಗಿನ ಗರಿ, ಕರಟ ಬಿದ್ದಿರುವ ಆ ಜಾಗದಲ್ಲಿ ಕುಂಟುತ್ತಾ ನಡೆಯುತ್ತಿದ್ದಳು. ನಾನು ಎಡಕ್ಕೆ ಸುತ್ತಿದ್ದನ್ನು ಅವಳು ಆಚೆಯಿಂದ ಬಿಚ್ಚುತ್ತಿದ್ದಳು. ಕರೆದು ಕೂರಿಸೋಣ ಅಂದುಕೊಂಡವಳು ಮತ್ತೆ ಮಿಶನ್ ಹಾಕಿದೆ. ಬೇಗ ಮುಗಿಸಿದರೆ ಅವಳೂ ಬೇಗ ನಿಲ್ಲುತ್ತಾಳೆ ಅನ್ನಿಸಿದರೂ ಕೈಯನ್ನು ಓಡಿಸಲಿಲ್ಲ.

ಕೊನೆಯ ಸುತ್ತು ಮುಗಿದು ಪ್ಲಗ್ ಕಿತ್ತಾಗಲೂ ಅವಳು ನಡೆಯುತ್ತಲೇ ಇದ್ದಳು. ಬಾಗಿಲಿಗೆ ಬಂದು ಅಡ್ಡ ನಿಂತೆ.

"ಮುಗೀತು ಕಣವ್ವ, ಬಾ ಕೂತ್ಕೋ. ಮಣೆಗೆ ಸುತ್ತಿದ್ದು ಸಾಕು."

ಅವ್ವ ಏದುಸಿರು ಬಿಡುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮಣೆಗೆ ಯಾವಳೇ ಸುತ್ತಿದ್ದು?" ಅಂದಳು. "ಎಲ್ಲಿ, ಕೈ ತೋರ್ಸು."